ಬ್ರಿಟಿಷ್ ಬ್ಲೂಸ್ ರಾಕ್ ಮತ್ತು ರೇಡಿಯೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರಿಟನ್ನಿನ ಹಳೆಯ ಬ್ಲೂಸ್ ರಾಕ್ ತಂಡಗಳಿಗೇ ಮೀಸಲಾದ ರೇಡಿಯೊ ಕಾರ್ಯಕ್ರಮಗಳನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ಆ ಲೇಖನವನ್ನು ಓದಿ ಬಂದ ಪತ್ರಗಳಲ್ಲಿ ಒಂದೇ ಸಂದೇಹವನ್ನು ಹಲವರು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದರಿಂದ ಅಂಥವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಬ್ಲೂಸ್ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ನಡುವೆ ಹುಟ್ಟಿ ಷಿಕಾಗೊದಲ್ಲಿ ಬೆಳೆದ ಸಂಗೀತವೆಂದು ಓದಿದ್ದೇನೆ. ಅದು ಲಂಡನ್ನಿನ ಬಿಳಿಯ ಹುಡುಗರ ಕೈಗೆ ಸಿಕ್ಕಿದ್ದು ಹೇಗೆ?

ಉತ್ತರ: ಹೆಚ್ಚಾಗಿ ಕೇಳಿಯೇ ಸಿಕ್ಕಿತು. ಅಮೆರಿಕದಿಂದ ತರಿಸಿಕೊಂಡ ರೆಕಾರ್ಡುಗಳು ಒಬ್ಬರಿಂದ ಒಬ್ಬರ ಕೈ ದಾಟುತ್ತಿದ್ದವು. ಒಂದೇ ಹಾಡಿನ ಗಿಟಾರಿನ ನಾಲ್ಕು ಸ್ವರಗಳನ್ನು ಹಿಡಿಯುವುದಕ್ಕಾಗಿ ರೆಕಾರ್ಡಿನ ಮೇಲೆ ಸೂಜಿಯನ್ನು ಮತ್ತೆ ಮತ್ತೆ ಹಿಂದಕ್ಕೆ ಇಟ್ಟು ಕೇಳಿದವರೇ ಮುಂದೆ ಹೆಸರು ಮಾಡಿದರು. 1961ರಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ತನ್ನ ಬಾಲ್ಯದ ಪರಿಚಯದ, ಮುಂದೆ ರೋಲಿಂಗ್ ಸ್ಟೋನ್ಸ್ ತಂಡದಲ್ಲಿ ಜೊತೆಗಾರನಾದ ಮಿಕ್ ಜ್ಯಾಗರನನ್ನು ಗುರುತಿಸಿ ಮಾತಿಗೆ ನಿಂತದ್ದಕ್ಕೆ ಮುಖ್ಯ ಕಾರಣ, ಜ್ಯಾಗರನ ಕಂಕುಳಲ್ಲಿದ್ದ ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ಅವರ ರೆಕಾರ್ಡುಗಳು.

ಆದರೆ ರೆಕಾರ್ಡು ಮಾತ್ರವೇ ಅಲ್ಲ. ಸಾಂಪ್ರದಾಯಿಕ ಜಾಜ್ ವಾದಕ ಕ್ರಿಸ್ ಬಾರ್ಬರ್ ಐವತ್ತರ ದಶಕದಲ್ಲಿ ಅಮೆರಿಕದ ಬ್ಲೂಸ್ ಕಲಾವಿದರನ್ನು ಕರೆಸಿ ತನ್ನ ತಂಡದೊಡನೆ ಊರೂರಿನಲ್ಲಿ ಹಾಡಿಸಿದರು. 1958ರಲ್ಲಿ ಅವರ ಆಹ್ವಾನದ ಮೇಲೆ ಬಂದ ಮಡ್ಡಿ ವಾಟರ್ಸ್ ಎಲೆಕ್ಟ್ರಿಕ್ ಗಿಟಾರನ್ನು ಜೋರಾಗಿ ನುಡಿಸಿದಾಗ, ಬಿಗ್ ಬಿಲ್ ಬ್ರೂನ್ಜಿಯಂಥವರ ಮರದ ಗಿಟಾರಿನ ಮೆಲುದನಿಗೆ ಒಗ್ಗಿಹೋಗಿದ್ದ ಶ್ರೋತೃಗಳು ಹಾಗೂ ವಿಮರ್ಶಕರು ಹುಬ್ಬು ಗಂಟಿಕ್ಕಿದರು. ಕೆಲವು ವರ್ಷಗಳ ನಂತರ ಅದೇ ಮಡ್ಡಿ ವಾಟರ್ಸ್, ಇವರಿಗೆ ಮೆಲುದನಿಯೇ ಇಷ್ಟವೆಂದು ನಂಬಿ ಮರದ ಗಿಟಾರ್ ಹಿಡಿದು ಬಂದರೆ, ಅಷ್ಟರೊಳಗೆ ಹೊಸ ತಲೆಮಾರು ಎಲೆಕ್ಟ್ರಿಕ್ ಗಿಟಾರನ್ನೇ ಕೇಳತೊಡಗಿತ್ತು. ಈ ನಡುವಿನ ಕಾಲದಲ್ಲಿ ಆದ ಬದಲಾವಣೆಯೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ.

ಬದಲಾವಣೆಗೆ ಮುಖ್ಯ ಕಾರಣರಾದವರು ಗಿಟಾರ್ ವಾದಕ ಅಲೆಕ್ಸಿಸ್ ಕಾರ್ನರ್ ಮತ್ತು ಹಾರ್ಮೋನಿಕಾ ವಾದಕ ಸಿರಿಲ್ ಡೇವಿಸ್. ಸೋಹೊದ ವಾರ್ಡರ್ ಸ್ಟ್ರೀಟಿನ ಪಬ್ಬೊಂದರ ಮಹಡಿಯಲ್ಲಿ ಬ್ಲೂಸ್ ಕೂಟ ನಡೆಸುತ್ತಿದ್ದ ಇವರು 1961ರಲ್ಲಿ ಬ್ಲೂಸ್ ಇನ್‌ಕಾರ್ಪೊರೇಟೆಡ್ ಎಂಬ ತಂಡ ಕಟ್ಟಿ, 1962ರ ಮಾರ್ಚ್ 17ರಂದು ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ, ರೈಲು ನಿಲ್ದಾಣದ ಎದುರಿನ ಒಂದು ನೆಲಮಾಳಿಗೆಯಲ್ಲಿ ತಮ್ಮದೇ ಕ್ಲಬ್ ತೆರೆದರು. ಜನ ಕಿಕ್ಕಿರಿದರೆ ಅಲ್ಲಿನ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ವಿದ್ಯುತ್ ವಾದ್ಯಗಳ ಮೇಲೆ ಅದು ಬೀಳದಂತೆ ವೇದಿಕೆಯ ಮೇಲ್ಭಾಗದಲ್ಲಿ ಬಟ್ಟೆಯೊಂದನ್ನು ಕಟ್ಟಲಾಗಿತ್ತು. ಆ ಬಟ್ಟೆಯ ಕೆಳಗೆ ಡ್ರಮ್ಸ್ ನುಡಿಸುತ್ತಿದ್ದವರು ಚಾರ್ಲಿ ವಾಟ್ಸ್, ಆಗಾಗ ಹಾಡಲು ನಿಲ್ಲುತ್ತಿದ್ದವರು ಜ್ಯಾಗರ್. ಮುಂದೆ ಅವರ ಜೊತೆ ತಂಡ ಕಟ್ಟಿದ ಬ್ರಯನ್ ಜೋನ್ಸ್‌ನನ್ನು ಜ್ಯಾಗರ್ ಮತ್ತು ರಿಚರ್ಡ್ಸ್ ಮೊದಲು ನೋಡಿದ್ದೂ ಅಲ್ಲಿಯೇ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಬ್ಲೂಸ್ ಕಲಾವಿದರ ತಂಡವೊಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಕಾರ್ಯಕ್ರಮ ಕೊಟ್ಟಾಗ ಲಂಡನ್ನಿನ ಈ ಹುಡುಗರು ವ್ಯಾನು ಮಾಡಿಕೊಂಡು ಅಲ್ಲಿಯವರೆಗೂ ಹೋಗಿ ಕೇಳಿ ಬಂದರು.

ಪ್ರಶ್ನೆ: ಆ ಕಾಲದ ರೇಡಿಯೊ ಈ ತಂಡಗಳನ್ನು ಪ್ರೋತ್ಸಾಹಿಸಿತೇ? ಪ್ರತಿಯೊಂದು ತಂಡದ ಹೆಸರಿನಲ್ಲಿಯೂ ‘ಬಿಬಿಸಿ ಸೆಷನ್ಸ್’ ಎಂಬ ಆಲ್ಬಂ ಇರುವುದೇಕೆ?

ಉತ್ತರ: ಎರಡೂ ಒಂದೇ ಎಳೆಯ ಪ್ರಶ್ನೆಗಳು. ಅರವತ್ತರ ದಶಕದಲ್ಲಿ ಬ್ರಿಟನ್ನಿನ ನೆಲದ ಮೇಲೆ ಕಾನೂನುಬದ್ಧವಾಗಿ ಪ್ರಸಾರ ಮಾಡುತ್ತಿದ್ದದ್ದು ಬಿಬಿಸಿ ಒಂದೇ. ರೆಕಾರ್ಡ್ ಕಂಪನಿಗಳ ಸಂಸ್ಥೆ ಮತ್ತು ಸಂಗೀತಗಾರರ ಸಂಘದೊಡನೆ ಇದ್ದ ಒಪ್ಪಂದದಂತೆ, ಮುದ್ರಿತ ರೆಕಾರ್ಡುಗಳನ್ನು ದಿನದಲ್ಲಿ ಕೆಲವೇ ಗಂಟೆಗಳ ಕಾಲ ಮಾತ್ರ ಹಾಕಲು ಅದಕ್ಕೆ ಅನುಮತಿಯಿತ್ತು. ‘ನೀಡಲ್ ಟೈಮ್’ ಎಂದು ಹೆಸರಾಗಿದ್ದ ಈ ನಿರ್ಬಂಧ ಪೂರ್ತಿಯಾಗಿ ತೊಲಗಿದ್ದು 1988ರಲ್ಲಿ. ಉಳಿದ ಹೊತ್ತನ್ನು ತುಂಬಲು ಬಿಬಿಸಿಯು ತಂಡಗಳನ್ನು ತನ್ನ ಸ್ಟುಡಿಯೊಗಳಿಗೆ ಕರೆಸಿ ಹೊಸದಾಗಿ ನುಡಿಸಿ ಮುದ್ರಿಸಿಕೊಳ್ಳಬೇಕಾಗುತ್ತಿತ್ತು. ಕೆಲವೇ ಗಂಟೆಗಳಲ್ಲಿ ನಾಲ್ಕೈದು ಹಾಡು ಮುಗಿಸಿ ಹೊರಡಬೇಕು. ಒಂದರ ಮೇಲೊಂದು ಪದರ ಹಾಕಿ ತಿದ್ದಿಕೊಳ್ಳಲು ಪುರುಸೊತ್ತಿಲ್ಲ. ಹೀಗಾಗಿ ತಂಡದ ನಿಜವಾದ ಬಲ, ದೌರ್ಬಲ್ಯ ಎರಡೂ ಆ ಮುದ್ರಣಗಳಲ್ಲಿ ಮುಚ್ಚುಮರೆಯಿಲ್ಲದೆ ಕೇಳಿಸುತ್ತವೆ. ಸಂಗೀತಗಾರರ ಹೊಟ್ಟೆಪಾಡನ್ನು ಕಾಯಲು ಹುಟ್ಟಿದ ನಿಯಮವೊಂದು ಇಂಥ ಸಂಗ್ರಹವನ್ನು ಬಿಟ್ಟುಹೋದೀತೆಂದು ಅದನ್ನು ಬರೆದವರು ಎಣಿಸಿರಲಾರರು.

ಪ್ರೋತ್ಸಾಹದ ಮಾತಿಗೆ ಬಂದರೆ, ಬಿಬಿಸಿ ಮೊದಮೊದಲು ಅರೆಮನಸ್ಸಿನದಾಗಿತ್ತು. 1963ರಲ್ಲಿ ರೋಲಿಂಗ್ ಸ್ಟೋನ್ಸ್ ಕೊಟ್ಟ ಧ್ವನಿಪರೀಕ್ಷೆಯಲ್ಲಿ ಅವರನ್ನು ಅನುತ್ತೀರ್ಣಗೊಳಿಸಿದ ಸಂಸ್ಥೆಯೇ ಅದೇ ವರ್ಷ ‘ಸ್ಯಾಟರ್ಡೆ ಕ್ಲಬ್’ ಕಾರ್ಯಕ್ರಮಕ್ಕೆ ಅವರನ್ನು ಕರೆಯಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಸ್ಟೋನ್ಸ್ ತಂಡದ ಮೊದಲ ಕಾರ್ಯಕ್ರಮಕ್ಕೆ ಬಿಬಿಸಿಯ ಜಿಪುಣತನವೂ ಒಂದು ನೆಪವಾದದ್ದು: 1962ರ ಜುಲೈ 12ರಂದು ಕಾರ್ನರ್ ಅವರ ತಂಡಕ್ಕೆ ‘ಜಾಜ್ ಕ್ಲಬ್’ ಪ್ರಸಾರಕ್ಕೆ ಕರೆ ಬಂದಿತ್ತು, ಆದರೆ ಆರು ಮಂದಿಗೆ ಮಾತ್ರ ಸಂಭಾವನೆ ಕೊಡುವುದಾಗಿ ಬಿಬಿಸಿ ಹೇಳಿದ್ದರಿಂದ ಜ್ಯಾಗರ್ ಹೊರಗುಳಿದರು. ಕಾರ್ನರ್ ತಂಡ ಪ್ರತಿ ಗುರುವಾರ ನುಡಿಸುತ್ತಿದ್ದ ಆಕ್ಸ್‌ಫರ್ಡ್ ಸ್ಟ್ರೀಟಿನ ಮಾರ್ಕೀ ಕ್ಲಬ್ಬಿನಲ್ಲಿ ಆ ಸಂಜೆ ತೆರವಾದ ಜಾಗದಲ್ಲಿ, ಮಡ್ಡಿ ವಾಟರ್ಸ್ ಅವರ ಹಾಡೊಂದರಿಂದ ಹೆಸರು ಪಡೆದ ಹೊಸ ತಂಡ ವೇದಿಕೆ ಏರಿತು.

ಪರವಾನಗಿಯಿಲ್ಲದೆ ಹಡಗುಗಳಿಂದ ಪ್ರಸಾರ ಮಾಡುತ್ತಿದ್ದ ಕಡಲ್ಗಳ್ಳ ರೇಡಿಯೊಗಳ ಪಾಲನ್ನೂ ಮರೆಯುವಂತಿಲ್ಲ. ಸೋಹೊದಲ್ಲಿ ಸೀನ್ ಕ್ಲಬ್ ನಡೆಸುತ್ತಿದ್ದ ರೋನನ್ ಒರಾಹಿಲಿ, ಇಂಗ್ಲೆಂಡಿನ ಪೂರ್ವ ತೀರದಾಚೆ ಹಡಗು ನಿಲ್ಲಿಸಿ 1964ರ ಮಾರ್ಚ್ 28ರಂದು ರೇಡಿಯೊ ಕ್ಯಾರೊಲೈನ್ ಆರಂಭಿಸಿದಾಗ ಮೊದಲು ಹಾಕಿದ್ದು ಸ್ಟೋನ್ಸ್ ತಂಡದ ‘ನಾಟ್ ಫೇಡ್ ಅವೇ’. 1967ರ ಆಗಸ್ಟಿನಲ್ಲಿ ಹೊಸ ಕಾನೂನು ಈ ಹಡಗುಗಳಿಗೆ ಕಡಿವಾಣ ಹಾಕಿತು. ಸೆಪ್ಟೆಂಬರ್ 30ರಂದು ಬಿಬಿಸಿಯೇ ರೇಡಿಯೊ ಒನ್ ತೆರೆದು, ಹಡಗಿನಿಂದಿಳಿದ ನಿರೂಪಕರಲ್ಲಿ ಹಲವರನ್ನು ಒಳಗೆ ಸೇರಿಸಿಕೊಂಡಿತು. ಅವರಲ್ಲಿ ಒಬ್ಬರು ಜಾನ್ ಪೀಲ್. ಅವರು ನಿರೂಪಿಸಿದ ‘ಟಾಪ್ ಗೇರ್’ (ಮುಂದೆ ಬಂದ ಮೋಟಾರು ಕಾರುಗಳ ಕಾರ್ಯಕ್ರಮಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ) ಬ್ಲೂಸ್ ತಂಡಗಳಿಗೆ ತೆರೆದ ಬಾಗಿಲಾಯಿತು. 1971ರ ಏಪ್ರಿಲ್ 1ರಂದು ಲಂಡನ್ನಿನ ಪ್ಯಾರಿಸ್ ಥಿಯೇಟರಿನಲ್ಲಿ ಸಭಿಕರ ಮುಂದೆ ಲೆಡ್ ಝೆಪ್ಲಿನ್ ತಂಡದ ಕಛೇರಿಯನ್ನು ಪರಿಚಯಿಸಿದವರೂ ಪೀಲ್ ಅವರೇ.

ಬೇಸರದ ಸಂಗತಿಯೆಂದರೆ ಟೇಪುಗಳನ್ನು ಅಳಿಸಿ ಮತ್ತೆ ಬಳಸುವ ರೂಢಿಯಿದ್ದುದರಿಂದ ಇಂಥ ಮುದ್ರಣಗಳಲ್ಲಿ ಬಹಳಷ್ಟು ಕಳೆದುಹೋದವು. 1969ರ ಮಾರ್ಚಿನಲ್ಲಿ ಕಾರ್ನರ್ ನಡೆಸಿಕೊಡುತ್ತಿದ್ದ ವರ್ಲ್ಡ್ ಸರ್ವಿಸ್ ಕಾರ್ಯಕ್ರಮಕ್ಕಾಗಿ ಲೆಡ್ ಝೆಪ್ಲಿನ್ ನುಡಿಸಿದ್ದು ಹೀಗೆಯೇ ಮಾಯವಾಗಿತ್ತು. ರೇಡಿಯೊ ಮುಂದೆ ಕುಳಿತು ಅಭಿಮಾನಿಯೊಬ್ಬರು ಟೇಪ್ ಮಾಡಿಕೊಂಡಿದ್ದ ಪ್ರತಿಯಿಂದ ಅದು 2016ರಲ್ಲಿ ಅಧಿಕೃತ ಆಲ್ಬಮ್ಮಿಗೆ ಸೇರಿತು. ಆ ಪ್ರತಿ ಇಲ್ಲದಿದ್ದರೆ ‘ಸನ್‌ಶೈನ್ ವುಮನ್’ ಎಂಬ, ತಂಡ ಬೇರೆ ಯಾವ ಆಲ್ಬಮ್ಮಿಗೂ ಸೇರಿಸದ ಹಾಡು ಇಂದು ನಮಗೆ ಸಿಗುತ್ತಿರಲಿಲ್ಲ. ಅದರ ಧ್ವನಿ ಮಸುಕಾಗಿದೆಯೆಂದು ದೂರುವವರಿದ್ದಾರೆ. ನನಗಂತೂ ಆ ಮಸುಕಿನ ಬಗ್ಗೆ ತಕರಾರಿಲ್ಲ.

ಪ್ರಶ್ನೆ: ಗಿಟಾರ್ ಕಲಿಯುತ್ತಿರುವವನು ನಾನು. ಎಲ್ಲ ನಿರೂಪಕರೂ ‘ಬೀನೊ ಆಲ್ಬಂ’ ಎಂದು ಭಕ್ತಿಯಿಂದ ಹೇಳುತ್ತಾರೆ. ಅದರಲ್ಲಿ ಅಂಥದ್ದೇನಿದೆ?

ಉತ್ತರ: 1966ರ ಜುಲೈಯಲ್ಲಿ ಡೆಕ್ಕಾ ಕಂಪನಿ ಹೊರತಂದ ಜಾನ್ ಮೇಯಲ್ ಅವರ ‘ಬ್ಲೂಸ್ ಬ್ರೇಕರ್ಸ್ ವಿತ್ ಎರಿಕ್ ಕ್ಲ್ಯಾಪ್ಟನ್’ ಎಂಬ ಆಲ್ಬಮ್ಮಿನ ಅಡ್ಡಹೆಸರು ಅದು. ಹೊದಿಕೆಯ ಚಿತ್ರದಲ್ಲಿ ತಂಡದ ಗಿಟಾರ್ ವಾದಕ ಕ್ಲ್ಯಾಪ್ಟನ್ ಉಳಿದವರ ಜೊತೆ ಕುಳಿತು, ಯಾರ ಕಡೆಗೂ ನೋಡದೆ ‘ಬೀನೊ’ ಎಂಬ ಮಕ್ಕಳ ಚಿತ್ರಕಥೆ ಪತ್ರಿಕೆ ಓದುತ್ತಿದ್ದಾರೆ.

ಕಲಿಯುವವರು ಗಮನಿಸಬೇಕಾದದ್ದು ಗಿಟಾರಿನ ನಾದ. ಕೊಳ್ಳುವವರಿಲ್ಲವೆಂದು ಗಿಬ್ಸನ್ ಕಂಪನಿ ಅರವತ್ತರ ದಶಕದ ಆರಂಭದಲ್ಲಿಯೇ ತಯಾರಿಕೆ ನಿಲ್ಲಿಸಿದ್ದ ಹಳೆಯ ಲೆಸ್ ಪಾಲ್ ಗಿಟಾರೊಂದನ್ನು ಕ್ಲ್ಯಾಪ್ಟನ್ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದರು. ವೇದಿಕೆಯ ಮೇಲೆ ನುಡಿಸುವಷ್ಟೇ ಜೋರಾಗಿ ಸ್ಟುಡಿಯೊದಲ್ಲಿಯೂ ನುಡಿಸುತ್ತೇನೆಂದು ಪಟ್ಟು ಹಿಡಿದರು. ಆಂಪ್ಲಿಫೈಯರನ್ನು ಅಷ್ಟು ತಿರುಗಿಸಿದಾಗ ಅದರ ವಾಲ್ವುಗಳು ತಮ್ಮ ಮಿತಿಯನ್ನು ಮುಟ್ಟಿ ಸ್ವರದ ಅಂಚನ್ನು ಒರಟಾಗಿಸುತ್ತವೆ, ಜೊತೆಗೆ ಅದನ್ನು ಉದ್ದಕ್ಕೆ ಎಳೆಯುತ್ತವೆ. ಒಮ್ಮೆ ಮೀಟಿದ ತಂತಿ ಹಾಡುಗಾರನ ಉಸಿರಿನಷ್ಟು ಹೊತ್ತು ನಿಲ್ಲುತ್ತದೆ. ಅಂದಿನ ಸ್ಟುಡಿಯೊ ಶಿಸ್ತಿನ ಪ್ರಕಾರ ಇದು ದೋಷ. ಧ್ವನಿಮುದ್ರಕರಾದ ಗಸ್ ಡಜನ್ ಇಂಥದ್ದಕ್ಕೆ ಸಿದ್ಧರಿರಲಿಲ್ಲ. ನಿರ್ಮಾಪಕ ಮೈಕ್ ವರ್ನನ್ ನಡುವೆ ನಿಂತು ಸಮಾಧಾನಪಡಿಸಿದರು. ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಮುಂದೆ ರಾಕ್ ಗಿಟಾರ್ ಎಂದು ನಾವು ಗುರುತಿಸುವ ನಾದ ಬಹುಮಟ್ಟಿಗೆ ಅಲ್ಲಿಂದ ಹೊರಟದ್ದು, ಮತ್ತು ಗಿಬ್ಸನ್ ಕಂಪನಿ ತಾನು ಕೈಬಿಟ್ಟಿದ್ದ ಆ ಮಾದರಿಯನ್ನು 1968ರಲ್ಲಿ ಮತ್ತೆ ತಯಾರಿಸತೊಡಗಿತು. ಅದೇ ಆಲ್ಬಮ್ಮಿನ ‘ರ‍್ಯಾಂಬ್ಲಿನ್ ಆನ್ ಮೈ ಮೈಂಡ್’ ಹಾಡನ್ನು ಕೇಳಲು ಮರೆಯಬೇಡಿ. ರಾಬರ್ಟ್ ಜಾನ್ಸನ್ ಅವರ ಆ ರಚನೆಯನ್ನು ಹಾಡಿರುವವರು, ಅಳುಕುತ್ತಲೇ, ಕ್ಲ್ಯಾಪ್ಟನ್.

ಪ್ರಶ್ನೆ: ಫ್ಲೀಟ್‌ವುಡ್ ಮ್ಯಾಕ್ ತಂಡವನ್ನು ನಾನು ಎಪ್ಪತ್ತರ ದಶಕದ ಇಂಪಾದ ಪಾಪ್ ಹಾಡುಗಳಿಂದ ಬಲ್ಲೆ. ಬ್ಲೂಸ್ ಕಾರ್ಯಕ್ರಮದಲ್ಲಿ ಅವರ ಹೆಸರು ಏಕೆ ಬರುತ್ತದೆ?

ಉತ್ತರ: ಏಕೆಂದರೆ ಅದು ಹುಟ್ಟಿದ್ದು ಬ್ಲೂಸ್ ತಂಡವಾಗಿ, ಪೀಟರ್ ಗ್ರೀನ್ ಎಂಬ ಅಪರೂಪದ ವಾದಕನ ಕೈಯಲ್ಲಿ. ಕ್ಲ್ಯಾಪ್ಟನ್ ಕ್ರೀಮ್ ತಂಡ ಕಟ್ಟಲು ಹೊರಟಾಗ ಮೇಯಲ್ ಅವರ ಬಳಿ ಅವರ ಜಾಗಕ್ಕೆ ಬಂದ ಗ್ರೀನ್, ಮರುವರ್ಷವೇ ಹೊರಬಂದು ಸ್ವಂತ ತಂಡ ಕಟ್ಟಿ, ಅದಕ್ಕೆ ತನ್ನ ಹೆಸರಿಡದೆ ಡ್ರಮ್ಮರ್ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ವಾದಕ ಜಾನ್ ಮೆಕ್‌ವಿ ಅವರ ಹೆಸರುಗಳನ್ನು ಇಟ್ಟರು. 1967ರ ಆಗಸ್ಟ್ 13ರಂದು ವಿಂಡ್ಸರ್ ಉತ್ಸವದಲ್ಲಿ ಅವರ ಮೊದಲ ಪ್ರದರ್ಶನ. ಗ್ರೀನ್ ರಚಿಸಿದ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಹಾಡನ್ನು ಸ್ಯಾಂಟಾನಾ ತಂಡದ್ದೆಂದೇ ಇಂದಿಗೂ ಎಷ್ಟೋ ಜನ ತಿಳಿದಿದ್ದಾರೆ. ಮಾತೇ ಇಲ್ಲದ ‘ಆಲ್ಬಟ್ರಾಸ್’ 1969ರ ಆರಂಭದಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು.

ಗ್ರೀನ್ ಅವರ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಎರಡು ಪಿಕಪ್‌ಗಳಲ್ಲಿ ಒಂದರ ಅಯಸ್ಕಾಂತ ತಿರುವು ಮುರುವಾಗಿತ್ತು. ಎರಡನ್ನೂ ಒಟ್ಟಿಗೆ ಬಳಸಿದಾಗ ಕೆಲವು ಸ್ವರಾಂಶಗಳು ಒಂದನ್ನೊಂದು ಕಳೆದು, ಮೂಗಿನಿಂದ ಬಂದಂತಹ, ಸ್ವಲ್ಪ ಟೊಳ್ಳಾದ ನಾದ ಹೊರಡುತ್ತಿತ್ತು. ಆದರೆ ಆ ಗಿಟಾರ್ ಮುಂದೆ ಗ್ಯಾರಿ ಮೂರ್, ಕರ್ಕ್ ಹ್ಯಾಮೆಟ್ ಇವರ ಕೈ ಸೇರಿದರೂ ಗ್ರೀನ್ ಧ್ವನಿ ಅದರಿಂದ ಹೊರಡಲಿಲ್ಲ. ಎರಡು ಸ್ವರಗಳ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದು ಅಯಸ್ಕಾಂತದಿಂದ ಬರುವ ವಿದ್ಯೆಯಲ್ಲ. 1970ರಲ್ಲಿ ಅವರು ತಂಡವನ್ನು ತೊರೆದರು, ಮಾನಸಿಕ ಅಸ್ವಾಸ್ಥ್ಯದಿಂದ ಬಹಳ ವರ್ಷ ಬಳಲಿದರು, 2020ರ ಜುಲೈಯಲ್ಲಿ ತೀರಿಕೊಂಡರು. ‘ನೀಡ್ ಯುವರ್ ಲವ್ ಸೋ ಬ್ಯಾಡ್’ ಕೇಳಿ, ಆಮೇಲೆ ಮತ್ತೆ ಬರೆಯಿರಿ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ಇದೆಲ್ಲ ಕದ್ದ ಸಂಗೀತವಲ್ಲವೇ? ಕಳ್ಳತನವನ್ನು ರೇಡಿಯೊದಲ್ಲಿ ಸಂಭ್ರಮಿಸುವುದು ಎಷ್ಟು ಸರಿ?

ಉತ್ತರ: ಕೆಲವೆಡೆ ಕಳ್ಳತನವೇ ಹೌದು, ಎಲ್ಲೆಡೆಯೂ ಅಲ್ಲ, ಆದ್ದರಿಂದ ಹಾಡು ಹಾಡಿಗೂ ಲೆಕ್ಕ ಬೇರೆ. ಲೆಡ್ ಝೆಪ್ಲಿನ್ 1969ರ ತನ್ನ ಮೊದಲ ಆಲ್ಬಮ್ಮಿನಲ್ಲಿ ‘ಯು ಶುಕ್ ಮಿ’, ‘ಐ ಕಾಂಟ್ ಕ್ವಿಟ್ ಯು ಬೇಬಿ’ ಹಾಡುಗಳಿಗೆ ಅವುಗಳನ್ನು ಬರೆದ ಅಮೆರಿಕದ ವಿಲ್ಲಿ ಡಿಕ್ಸನ್ ಅವರ ಹೆಸರನ್ನು ಕೊಟ್ಟಿತು. ಅದೇ ವರ್ಷ ಬಂದ ‘ಹೋಲ್ ಲಾಟಾ ಲವ್’ ಹಾಡಿನಲ್ಲಿ, ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ಹಾಡಿದ್ದ ‘ಯು ನೀಡ್ ಲವ್’ ಸಾಲುಗಳು ಎದ್ದು ಕಾಣುತ್ತಿದ್ದರೂ ಅವರ ಹೆಸರಿರಲಿಲ್ಲ. ಡಿಕ್ಸನ್ 1985ರಲ್ಲಿ ದಾವೆ ಹೂಡಿದರು, 1987ರಲ್ಲಿ ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು, ಈಗ ಹಾಡಿನ ರಚನಕಾರರ ಪಟ್ಟಿಯಲ್ಲಿ ಅವರ ಹೆಸರಿದೆ. ಹದಿನೆಂಟು ವರ್ಷ ತಡವಾಗಿ ಬಂದ ಹೆಸರು. ಗಿಟಾರಿನ ಆ ಆರಂಭದ ಪಲುಕು ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರದೇ ಸೃಷ್ಟಿ ಎಂಬುದು ನಿಜ. ಆದರೆ ಒಬ್ಬರ ಪ್ರತಿಭೆ ಇನ್ನೊಬ್ಬರ ಬಾಕಿಯನ್ನು ತೀರಿಸುವುದಿಲ್ಲ.

ಇನ್ನೊಂದು ಬದಿಯನ್ನೂ ನೋಡಿ. ಕ್ರೀಮ್ ತಂಡ 1966ರಲ್ಲಿ ಅಮೆರಿಕದ ಹಿರಿಯ ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್ ಅವರ ‘ಐ ಆಮ್ ಸೋ ಗ್ಲ್ಯಾಡ್’ ಹಾಡನ್ನು ಅವರ ಹೆಸರಿನಲ್ಲಿಯೇ ಮುದ್ರಿಸಿತು. ಅದರಿಂದ ಬಂದ ಗೌರವಧನ ಕ್ಯಾನ್ಸರಿನಿಂದ ಬಳಲುತ್ತಿದ್ದ ಆ ಹಿರಿಯರ ಕೊನೆಯ ವರ್ಷಗಳಿಗೆ ಆಸರೆಯಾಯಿತು. 1965ರಲ್ಲಿ ಅಮೆರಿಕದ ‘ಷಿಂಡಿಗ್’ ಟಿವಿ ಕಾರ್ಯಕ್ರಮಕ್ಕೆ ಕರೆ ಬಂದಾಗ ಸ್ಟೋನ್ಸ್ ತಂಡ ತಮ್ಮೊಡನೆ ಅಮೆರಿಕದ ಬ್ಲೂಸ್ ಹಿರಿಯ ಹೌಲಿನ್ ವುಲ್ಫ್ ಅವರೂ ಹಾಡಬೇಕೆಂದು ಷರತ್ತು ಹಾಕಿ, ಆ ಅಜಾನುಬಾಹು ಗಾಯಕ ಹಾಡುವಾಗ ವೇದಿಕೆಯ ಅಂಚಿನಲ್ಲಿ ಕುಳಿತು ಕೇಳಿತು. ತಮ್ಮ ದೇಶದ ಬಹುಪಾಲು ಬಿಳಿಯ ವೀಕ್ಷಕರಿಗೆ ಅವರು ಪರಿಚಯವಾದದ್ದು ಇಂಗ್ಲಿಷ್ ಹುಡುಗರ ಹಟದಿಂದ ಎಂಬುದು ಅಮೆರಿಕ ನಾಚಬೇಕಾದ ವಿಷಯ.

ರೇಡಿಯೊ ಕಾರ್ಯಕ್ರಮ ಮಾಡಬಹುದಾದ ನ್ಯಾಯ ಒಂದಿದೆ, ಅದು ಕಷ್ಟದ್ದೂ ಅಲ್ಲ: ಬ್ರಿಟಿಷ್ ತಂಡದ ಹಾಡಿನ ಬೆನ್ನಿಗೇ ಅದರ ಮೂಲವನ್ನು ಹಾಕುವುದು, ಬರೆದವರ ಹೆಸರನ್ನು ಸ್ಪಷ್ಟವಾಗಿ ಹೇಳುವುದು. ಹೀಗೆ ಮಾಡದ ಕಾರ್ಯಕ್ರಮದ ವಿರುದ್ಧ ನಿಮ್ಮ ಆಕ್ಷೇಪಣೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಪ್ರಶ್ನೆ: ಈ ಸಾಲಿನಲ್ಲಿ ಹೆಂಗಸರೇ ಇಲ್ಲವೇ?

ಉತ್ತರ: ಇದ್ದಾರೆ, ನಿರೂಪಕರ ಬಾಯಲ್ಲಿ ಬರುವುದು ಕಡಿಮೆ. ಚಿಕನ್ ಷ್ಯಾಕ್ ತಂಡದಲ್ಲಿ ಪಿಯಾನೊ ನುಡಿಸುತ್ತ ಹಾಡುತ್ತಿದ್ದ ಕ್ರಿಸ್ಟೀನ್ ಪರ್ಫೆಕ್ಟ್, ಎಟ್ಟಾ ಜೇಮ್ಸ್ ಹಾಡಿದ್ದ ‘ಐ’ಡ್ ರಾದರ್ ಗೋ ಬ್ಲೈಂಡ್’ ಹಾಡನ್ನು 1969ರಲ್ಲಿ ಗೆಲ್ಲಿಸಿದರು. ಅವರೇ ಮುಂದೆ ಫ್ಲೀಟ್‌ವುಡ್ ಮ್ಯಾಕ್ ತಂಡದ ಕ್ರಿಸ್ಟೀನ್ ಮೆಕ್‌ವಿ. ಗ್ಲಾಸ್ಗೋದ ಸ್ಟೋನ್ ದ ಕ್ರೋಸ್ ತಂಡದ ಮ್ಯಾಗಿ ಬೆಲ್, ಒಂಟಿ ಗಿಟಾರ್ ಹಿಡಿದು ಹಾಡುತ್ತಿದ್ದ ಜೋ ಆನ್ ಕೆಲಿ, ಇವರಿಬ್ಬರ ಗಟ್ಟಿ ಕಂಠವನ್ನೂ ಹುಡುಕಿ ಕೇಳಿ.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಇಂಥದ್ದೇ ಒಂದು ಗಂಟೆಯ ಕಾರ್ಯಕ್ರಮ ಸಿದ್ಧಪಡಿಸಬೇಕೆಂದಿದ್ದೇವೆ. ಹೇಗೆ ಜೋಡಿಸಬೇಕು?

ಉತ್ತರ: ಮೊದಲು ಗಡಿಯಾರ ನೋಡಿಕೊಳ್ಳಿ. ಈ ಸಂಗೀತದಲ್ಲಿ ಉದ್ದದ ಸಮಸ್ಯೆ ಇದೆ. ಕ್ರೀಮ್ ತಂಡದ 1968ರ ‘ವೀಲ್ಸ್ ಆಫ್ ಫೈರ್’ ಆಲ್ಬಮ್ಮಿನಲ್ಲಿರುವ ಕಛೇರಿಯ ‘ಸ್ಪೂನ್‌ಫುಲ್’ ಹದಿನಾರು ನಿಮಿಷ ದಾಟುತ್ತದೆ. ಅದನ್ನು ಹಾಕಿದರೆ ಗಂಟೆಯ ಕಾಲುಭಾಗ ಹೋಯಿತೆಂದೇ ಲೆಕ್ಕ. ಅದೇ ಆಲ್ಬಮ್ಮಿನ ‘ಕ್ರಾಸ್‌ರೋಡ್ಸ್’ ಸುಮಾರು ನಾಲ್ಕು ನಿಮಿಷದಲ್ಲಿ ಕ್ಲ್ಯಾಪ್ಟನ್, ಜ್ಯಾಕ್ ಬ್ರೂಸ್, ಜಿಂಜರ್ ಬೇಕರ್ ಮೂವರ ಜಗ್ಗಾಟವನ್ನೂ ಕಟ್ಟಿಕೊಡುತ್ತದೆ. ನಡುವೆ ಕತ್ತರಿಸಿ ಮಂಕುಗೊಳಿಸುವ ಬದಲು ಚಿಕ್ಕದನ್ನೇ ಆರಿಸಿಕೊಳ್ಳಿ.

ಪ್ರಸಿದ್ಧರನ್ನೇ ತುಂಬಿಸಬೇಡಿ. ಕ್ಲ್ಯಾಪ್ಟನ್ ಒಬ್ಬರ ಸುತ್ತ ಯಾರ್ಡ್‌ಬರ್ಡ್ಸ್, ಬ್ಲೂಸ್ ಬ್ರೇಕರ್ಸ್, ಕ್ರೀಮ್ ಎಂದು ಸುತ್ತಿದರೆ ಗಂಟೆ ಮುಗಿದೇ ಹೋಗುತ್ತದೆ, ಆದರೆ ನ್ಯೂಕ್ಯಾಸಲ್‌ನ ಆನಿಮಲ್ಸ್, ಕಿಮ್ ಸಿಮಂಡ್ಸ್ ಅವರ ಸವಾಯ್ ಬ್ರೌನ್, ಆಲ್ವಿನ್ ಲೀ ಅವರ ಟೆನ್ ಇಯರ್ಸ್ ಆಫ್ಟರ್ ಹೊರಗುಳಿಯುತ್ತವೆ. ಫ್ರೀ ತಂಡಕ್ಕಂತೂ ಜಾಗ ಇರಲೇಬೇಕು. ಕಾರ್ನರ್ ಅವರೇ ಹೆಸರು ಸೂಚಿಸಿದ ಈ ತಂಡದ ನಾಲ್ವರೂ 1968ರಲ್ಲಿ ಕೂಡಿದಾಗ ಹದಿಹರೆಯದವರು. ಬೇಸ್ ವಾದಕ ಆಂಡಿ ಫ್ರೇಸರ್‌ಗೆ ಹದಿನೈದೇ ವರ್ಷ. ಗಿಟಾರ್ ವಾದಕ ಪಾಲ್ ಕೊಸಾಫ್ ಒಂದು ಸ್ವರ ಹಿಡಿದು ನಡುಗಿಸುವಾಗ ಉಳಿದವರು ತಮ್ಮ ಪಾಲನ್ನು ಕಡಿಮೆ ಮಾಡಿಕೊಂಡು ಜಾಗ ಬಿಡುತ್ತಾರೆ. ‘ಆಲ್ ರೈಟ್ ನೌ’ ಎಲ್ಲರಿಗೂ ಗೊತ್ತು, ನೀವು ಬೇರೊಂದನ್ನು ಹಾಕಿ.

ಹಾಡಿನ ಮೊದಲ ಸ್ವರಗಳ ಮೇಲೆ ಮಾತನಾಡಬೇಡಿ. ಬ್ಲೂಸ್ ರಾಕ್‌ನಲ್ಲಿ ಅರ್ಧ ವಿಷಯ ಆ ಆರಂಭದಲ್ಲಿಯೇ ಇರುತ್ತದೆ. ಮಾದರಿ ಬೇಕೆಂದರೆ, ಮ್ಯಾನ್‌ಫ್ರೆಡ್ ಮ್ಯಾನ್ ತಂಡದ ಗಾಯಕರಾಗಿದ್ದ ಪಾಲ್ ಜೋನ್ಸ್ ಬಿಬಿಸಿ ರೇಡಿಯೊ ಟೂನಲ್ಲಿ 1986ರಿಂದ 2018ರವರೆಗೆ ನಡೆಸಿಕೊಟ್ಟ ಬ್ಲೂಸ್ ಕಾರ್ಯಕ್ರಮವನ್ನು ನೆನೆಯುತ್ತೇನೆ. ಸ್ವತಃ ಹಾರ್ಮೋನಿಕಾ ನುಡಿಸುವವರಾದ ಅವರು ಅಮೆರಿಕದ ಹಿರಿಯರನ್ನೂ ಬ್ರಿಟನ್ನಿನ ಹೊಸಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. ಅವರ ನಂತರ ಆ ಕಾರ್ಯಕ್ರಮ ಕೆರಿಸ್ ಮ್ಯಾಥ್ಯೂಸ್ ಅವರ ಪಾಲಿಗೆ ಬಂತು.

ಮೊದಲ ಕಂತಿಗೆ ಒಂದು ಜೋಡಿಯನ್ನು ಸೂಚಿಸಬಲ್ಲೆ. ಡಿಕ್ಸನ್ ಬರೆದು 1961ರಲ್ಲಿ ಹೌಲಿನ್ ವುಲ್ಫ್ ಮುದ್ರಿಸಿದ ‘ರೆಡ್ ರೂಸ್ಟರ್’ ಹಾಕಿ, ಮಾತಿಲ್ಲದೆ ಅದರ ಹಿಂದೆಯೇ 1964ರ ಕೊನೆಯಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿದ ಸ್ಟೋನ್ಸ್ ತಂಡದ ಆವೃತ್ತಿಯನ್ನು ಹಾಕಿ. ವುಲ್ಫ್ ಅವರದು ಗದರಿಕೆ, ಜ್ಯಾಗರ್ ಅವರದು ಸೋಮಾರಿ ಗೊಣಗು, ಬ್ರಯನ್ ಜೋನ್ಸ್ ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರಿನಲ್ಲಿ ಎರಡನ್ನೂ ಬೆಸೆಯುತ್ತಾರೆ. ನಿಮ್ಮ ವಿವರಣೆ ಅದಾದ ಮೇಲೆ ಸಾಕು.

ಪ್ರಶ್ನೆ: ಜಾನ್ ಮೇಯಲ್ ಈಗ ಎಲ್ಲಿದ್ದಾರೆ?

ಉತ್ತರ: ಮ್ಯಾಕಲ್ಸ್‌ಫೀಲ್ಡಿನಲ್ಲಿ 1933ರಲ್ಲಿ ಹುಟ್ಟಿದ ಮೇಯಲ್ 2024ರ ಜುಲೈ 22ರಂದು ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲಿ 90ನೇ ವಯಸ್ಸಿನಲ್ಲಿ ನಿಧನರಾದರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ ಪ್ರಭಾವಿ ಸಂಗೀತಗಾರರ ಸಾಲಿನಲ್ಲಿ ಅವರನ್ನು ಆಯ್ದದ್ದೂ ಅದೇ ವರ್ಷ. 1984ರಲ್ಲಿಯೇ ತೀರಿಕೊಂಡಿದ್ದ ಕಾರ್ನರ್ ಅವರ ಹೆಸರೂ ಆ ಪಟ್ಟಿಯಲ್ಲಿತ್ತು.